ಸ್ವ್ಯಾಬ್ ಕಡ್ಡಿ ಕೈಗಿಡುವ ಮುನ್ನ

ಕೆನಡಾದ ಮೂಲನಿವಾಸಿ ಊರುಗಳಲ್ಲಿ ಸ್ಟೆಮ್ ಸೆಲ್ (ರಕ್ತಕಣ ಹುಟ್ಟಿಸುವ ಮೂಲಕೋಶ) ದಾನಿಗಳನ್ನು, ಕೆನ್ನೆಯ ಒಳಗೆ ಸ್ವ್ಯಾಬ್ ಕಡ್ಡಿ ಉಜ್ಜಿ ಮಾದರಿ ತೆಗೆದು, ನೋಂದಾಯಿಸಲು ಹೊರಟರೆ ನಮಗೆ ಮೊದಲು ಎದುರಾಗುವ ಪ್ರಶ್ನೆ: "ನನ್ನ ಕೆನ್ನೆಯಿಂದ ತೆಗೆದದ್ದು ಎಲ್ಲಿಗೆ ಹೋಗುತ್ತೆ?" ಅದು ಸುಮ್ಮನೆ ಹುಟ್ಟಿದ ಅನುಮಾನವಲ್ಲ. ವ್ಯಾಂಕೂವರ್ ದ್ವೀಪದ ನೂ-ಚಾ-ನುಲ್ತ್ ಜನ 1980ರ ದಶಕದಲ್ಲಿ ಸಂಧಿವಾತದ ಅಧ್ಯಯನಕ್ಕೆಂದು ಕೊಟ್ಟ ರಕ್ತವನ್ನು, ಅವರನ್ನು ಕೇಳದೆ, ಸಂಶೋಧಕರು ವಂಶಮೂಲ ಹುಡುಕಲು ಬಳಸಿದ್ದರು. ಮಾದರಿಗಳು ಅವರಿಗೆ ವಾಪಸಾದದ್ದು 2004ರಲ್ಲಿ.

ಹಾಗಾಗಿ ಮೊದಲ ಭೇಟಿಗೆ ಕಿಟ್ ಒಯ್ಯುವುದೇ ಇಲ್ಲ. ಬ್ಯಾಂಡ್ ಕೌನ್ಸಿಲ್ (ಮೂಲನಿವಾಸಿ ಸಮುದಾಯದ ಆಡಳಿತ ಮಂಡಳಿ) ಮತ್ತು ಹಿರಿಯರ ಮುಂದೆ ಒಂದು ಹಾಳೆ ಇಡುತ್ತೇವೆ: ಏನು ಪರೀಕ್ಷೆ ಆಗುತ್ತದೆ, ಉಳಿದ ಮಾದರಿ ಏನಾಗುತ್ತದೆ, ಹೆಸರು ತೆಗೆಸಬೇಕಾದರೆ ಯಾರಿಗೆ ಹೇಳಬೇಕು. ಸಂಶೋಧನೆಗೆ ಒಪ್ಪಿಗೆ ಬೇರೆಯೇ. ಇವನ್ನೆಲ್ಲ ನೋಂದಣಿ ಸಂಸ್ಥೆಯಿಂದ ಬರಹದಲ್ಲಿ ಪಡೆದಿರಬೇಕು. ಬಾಯಿಮಾತಿನ ಭರವಸೆ ಕೊಡಬಾರದು.

ರೋಗಿಯ ಒಡಹುಟ್ಟಿದ ಒಬ್ಬೊಬ್ಬರ ಎಚ್‌ಎಲ್‌ಎ (ಅಪ್ಪ-ಅಮ್ಮನಿಂದ ಬರುವ, ಜೀವಕೋಶಗಳ ಮೇಲಿನ ಗುರುತುಗಳು) ರೋಗಿಯದಕ್ಕೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಲ್ಲಿ ಸಿಗದಿದ್ದರೆ ಹೊರಗಿನ ದಾನಿ ಬೇಕು. ಒಂದೇ ಮೂಲದವರಲ್ಲಿ ಸಿಗುವ ಸಂಭವ ಹೆಚ್ಚು. ಫಾರಂನಲ್ಲಿ ವಂಶಮೂಲದ ಕಾಲಂ ಖಾಲಿ ಬಿಟ್ಟರೂ ಹೊಂದಾಣಿಕೆ ಕೆಡುವುದಿಲ್ಲ, ಅದನ್ನು ನಿರ್ಧರಿಸುವುದು ಎಚ್‌ಎಲ್‌ಎ. ಆದರೆ ಯಾವ ಸಮುದಾಯದಿಂದ ಎಷ್ಟು ಜನ ಕಡಿಮೆ ಇದ್ದಾರೆ ಎಂಬ ಲೆಕ್ಕವೇ ಸಿಗದಂತಾಗುತ್ತದೆ. ಮಿಶ್ರ ಮೂಲದವರಿಗೆ ಎಲ್ಲವನ್ನೂ ಗುರುತು ಹಾಕಲು ಹೇಳುತ್ತೇವೆ.

ದಾನಿಗಳ ನೋಂದಣಿ ನಡೆಸುವ ಕೆನಡಿಯನ್ ಬ್ಲಡ್ ಸರ್ವಿಸಸ್ 17ರಿಂದ 35 ವರ್ಷದವರನ್ನು ಸೇರಿಸಿಕೊಳ್ಳುತ್ತದೆ. ಕ್ವಿಬೆಕ್ ಪ್ರಾಂತ್ಯದಲ್ಲಿ ಎಮಾ-ಕ್ವಿಬೆಕ್ ಸಂಸ್ಥೆಯದು ಬೇರೆ ನೋಂದಣಿ. ವಯಸ್ಸು ಮೀರಿದ ಅಜ್ಜಿಯರಿಗೆ ಹುಡುಗರನ್ನು ಎಳೆದು ತರುವ ಕೆಲಸ. ನಮ್ಮ ಪೋಸ್ಟರ್‌ಗಿಂತ ಅವರ ಗದರಿಕೆಗೆ ಬೆಲೆ ಜಾಸ್ತಿ!

ಸ್ವ್ಯಾಬ್‌ಗೆ ಅರ್ಧ ಗಂಟೆ ಮೊದಲು ಊಟ, ಕಾಫಿ, ಸಿಗರೇಟು, ಚೂಯಿಂಗ್ ಗಮ್ ಬೇಡ. ಕೆನ್ನೆಯ ಒಳಮೈಗೆ ಕಡ್ಡಿಯನ್ನು ಒತ್ತಿ, ತಿರುಗಿಸುತ್ತಾ ಉಜ್ಜಬೇಕು. ಮೆಲ್ಲಗೆ ಸವರಿದರೆ ಬರುವುದು ಜೊಲ್ಲು, ಜೀವಕೋಶವಲ್ಲ. ಹಸಿ ಕಡ್ಡಿಯನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚಿಟ್ಟರೆ ಬೂಷ್ಟು ಬಂದು ಮಾದರಿ ಹಾಳು. ಅತಿ ಕೆಟ್ಟ ತಪ್ಪೆಂದರೆ ಬಾರ್‌ಕೋಡ್ ಅದಲುಬದಲು: ಅಣ್ಣತಮ್ಮಂದಿರು ಒಂದೇ ಮೇಜಿಗೆ ಕೂತು ಹರಟುತ್ತಾ ಕೊಟ್ಟರೆ ಒಬ್ಬನ ಕಡ್ಡಿ ಇನ್ನೊಬ್ಬನ ಲಕೋಟೆಗೆ ಹೋಗುತ್ತದೆ. ಒಂದು ಮೇಜಿಗೆ ಒಬ್ಬರೇ. ಫಾರಂ ಮತ್ತು ಲಕೋಟೆ ಎರಡಕ್ಕೂ ಚೀಟಿ ಅಂಟಿದ ಮೇಲೆಯೇ ಮುಂದಿನವರು.

ವರ್ಷಗಳ ನಂತರ ಹೊಂದಾಣಿಕೆ ಸಿಕ್ಕಾಗ ದಾನಿಯ ಫೋನ್ ನಂಬರ್ ಬದಲಾಗಿರುತ್ತದೆ. ಆದ್ದರಿಂದ ಎರಡನೇ ನಂಬರಾಗಿ ಅತ್ತೆಯದೋ ಅಜ್ಜಿಯದೋ ಬರೆಸಿಕೊಳ್ಳುತ್ತೇವೆ.

ಮುಂದಿನ ಹಂತವನ್ನೂ ಅಂದೇ ಬಿಚ್ಚಿ ಹೇಳಬೇಕು. ಸ್ಟೆಮ್ ಸೆಲ್‌ಗಳನ್ನು ರಕ್ತದಿಂದ ತೆಗೆಯುವುದಾದರೆ, ಅವು ಮಜ್ಜೆಯಿಂದ ರಕ್ತಕ್ಕೆ ಬರಲೆಂದು ನಾಲ್ಕೈದು ದಿನ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು, ಮೂಳೆನೋವು, ಯಂತ್ರದ ಪಕ್ಕ ಕೆಲವು ಗಂಟೆ. ಮಜ್ಜೆ ತೆಗೆಯುವುದು ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯ ಹಿಂಭಾಗದಿಂದ; ಬೆನ್ನುಹುರಿಗೆ ಸೂಜಿ ತಾಗುವುದಿಲ್ಲ. ವಿಮಾನದಲ್ಲೇ ತಲುಪಬೇಕಾದ ಊರಿನವರು ಇದಕ್ಕಾಗಿ ದೊಡ್ಡ ನಗರಕ್ಕೆ ಹೋಗಿ ಉಳಿಯಬೇಕು. ಜೊತೆಗೆ ಬರುವವರ ಟಿಕೆಟ್ ಯಾರು ಕೊಡುತ್ತಾರೆ, ಮನೆಯ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಸ್ವ್ಯಾಬ್ ದಿನವೇ ಕೇಳಿ ಬರೆದಿಡುತ್ತೇವೆ.