ಹಳೆ ಪೇಜ್‌ಮೇಕರ್, ಹೊಸ ವಿಂಡೋಸ್: ನಮ್ಮ ಡಿಟಿಪಿ ಅಂಗಡಿಯ ಅನುಭವ

ದಾವಣಗೆರೆಯ ಅಶೋಕ ರಸ್ತೆಯ ಹತ್ತಿರ ಒಂದು ಗಲ್ಲಿಯಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್, ಶಾಲೆಗಳ ಸ್ಮರಣ ಸಂಚಿಕೆ, ಇದೇ ನಮ್ಮ ಕೆಲಸ. ಹದಿನೆಂಟು ವರ್ಷದಿಂದ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡಲು ನುಡಿ. ಹೋದ ಸಲ ತುಳಸಿ ಲಗ್ನ ಮುಗಿದು ಮದುವೆ ಕೆಲಸ ಬರುವ ಹೊತ್ತಿಗೆ ಅದು ನಿಂತೇಹೋಯಿತು. ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿದ್ದವು.

ಹೊಸ ಕಂಪ್ಯೂಟರ್ ತಂದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ವಿಂಡೋಸ್ 11 ಹಾಕಿಸಿಕೊಂಡೆ. ಬಹಳ ಜನ ಒಂದೇ ಮಾತು ಹೇಳಿದರು, ‘ಪೇಜ್‌ಮೇಕರ್ ಬಿಟ್ಟುಬಿಡಿ, ಅದು ಇದರಲ್ಲಿ ನಡೆಯಲ್ಲ’ ಅಂತ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. 2004ರ ನಂತರ ಅಡೋಬಿ ಅದನ್ನು ಮುಂದುವರಿಸಲಿಲ್ಲ. ಹಾಗಾಗಿ ಅವರ ಮಾತಿನಲ್ಲೂ ಅರ್ಥವಿತ್ತು. ಆದರೆ ನನ್ನ ಹತ್ತಿರ ಹದಿನೆಂಟು ವರ್ಷದ ಫೈಲುಗಳಿದ್ದವು. ಅಕ್ಕನ ಮದುವೆ ಪತ್ರಿಕೆ ಮಾಡಿಸಿದವರು ತಂಗಿಯದಕ್ಕೆ ಬಂದಾಗ ‘ಅದೇ ಥರ ಮಾಡ್ರಿ’ ಅನ್ನುತ್ತಾರೆ. ಆ ಫೈಲು ತೆರೆಯಲೇಬೇಕು, ಅಲ್ವಾ?

ಇನ್ನೊಂದು ಕಾರಣ ನಮ್ಮಲ್ಲಿ ಕಂಪೋಸ್ ಮಾಡುವ ಅಕ್ಕಾರು. ಅವರು ಕೀಬೋರ್ಡ್ ನೋಡದೆ ಹೊಡೆಯುತ್ತಾರೆ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀ. ಪೇಜ್‌ಮೇಕರಿನ ಶಾರ್ಟ್‌ಕಟ್‌ಗಳೂ ಅವರ ಬೆರಳಲ್ಲೇ ಇವೆ. ಸೀಸನ್ ನಡುವೆ ಅವರಿಗೆ ಹೊಸ ಸಾಫ್ಟ್‌ವೇರ್ ಕೊಟ್ಟರೆ ದಿನಕ್ಕೆ ಎರಡು ಪತ್ರಿಕೆಯೂ ಮುಗಿಯುವುದಿಲ್ಲ.

ಮೊದಲು ಹಳೆ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡೆ. ಅದು ಹಳೆ ಕಾಲದ ಅಗಲ ಪಟ್ಟಿ ಕೇಬಲ್ಲಿನದು, ಐಡಿಇ. ಯುಎಸ್‌ಬಿ ಕನ್ವರ್ಟರ್ ಹಾಕಿ ಫೈಲು, ಫಾಂಟು ಎಲ್ಲ ಎರಡು ಕಡೆ ಕಾಪಿ ಮಾಡಿದೆ. ಇದು ಮುಗಿಯುವ ತನಕ ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ಸಾಫ್ಟ್‌ವೇರ್ ಇನ್ನೊಮ್ಮೆ ಹಾಕಬಹುದು, ಫೈಲು ಹೋದರೆ ಹೋಯಿತು.

ಪೇಜ್‌ಮೇಕರ್ ಸಿಡಿ ಹಾಕಿದೆ. ತಕರಾರಿಲ್ಲದೆ ಇನ್‌ಸ್ಟಾಲ್ ಆಯಿತು. ಅದು ಹಳೆ ತಲೆಮಾರಿನ 32 ಬಿಟ್ ಪ್ರೋಗ್ರಾಂ. ವಿಂಡೋಸ್ 11 ಬರೀ 64 ಬಿಟ್ಟಿನದಾದರೂ 32 ಬಿಟ್ ಪ್ರೋಗ್ರಾಂಗಳನ್ನು ನಡೆಸುತ್ತದೆ. ತೊಂದರೆ ಶುರುವಾದದ್ದು ಮರುದಿನ. ನನ್ನ ಲಾಗಿನ್‌ನಲ್ಲಿ ಮಾಡಿಟ್ಟ ಸೆಟ್ಟಿಂಗ್ ಅಕ್ಕಾರ ಲಾಗಿನ್‌ನಲ್ಲಿ ಇರಲಿಲ್ಲ. ಅವರು ಮಾಡಿದ್ದು ನನಗೆ ಕಾಣಲಿಲ್ಲ.

ಕಾರಣ ಹುಡುಕಲು ಅರ್ಧ ದಿನ ಹೋಯಿತು. ಎಕ್ಸ್‌ಪಿ ಕಾಲದಲ್ಲಿ ಬಹಳಷ್ಟು ಜನ ಅಡ್ಮಿನಿಸ್ಟ್ರೇಟರ್, ಅಂದರೆ ಕಂಪ್ಯೂಟರಿನ ಮೇಲೆ ಪೂರ್ತಿ ಅಧಿಕಾರ ಇರುವವರು, ಆಗಿಯೇ ಲಾಗಿನ್ ಆಗುತ್ತಿದ್ದರು. ಪ್ರೋಗ್ರಾಂಗಳೂ ಹಾಗೇ ಇದ್ದವು. ತಮ್ಮ ಸೆಟ್ಟಿಂಗ್‌ಗಳನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೇ ಬರೆದುಕೊಳ್ಳುತ್ತಿದ್ದವು. ಎಕ್ಸ್‌ಪಿ ನಂತರ ವಿಂಡೋಸ್ ವಿಸ್ತಾ ಬಂದ ಮೇಲೆ ಆ ಫೋಲ್ಡರಿಗೆ ಕಾವಲು ಬಿತ್ತು. ವೈರಸ್ ಬಂದು ಕೂರದಿರಲಿ ಅಂತ ಮಾಡಿದ ವ್ಯವಸ್ಥೆ, ಒಳ್ಳೆಯದೇ. ಆದರೆ ಹಳೆ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ವಿಂಡೋಸ್ ಸದ್ದಿಲ್ಲದೆ ಅದನ್ನು ಬೇರೆ ಕಡೆ ಬರೆಸುತ್ತದೆ. ಆಪ್‌ಡೇಟಾದೊಳಗೆ ವರ್ಚುವಲ್‌ಸ್ಟೋರ್ ಎಂಬ ಫೋಲ್ಡರ್ ಇರುತ್ತದೆ, ಅಲ್ಲಿಗೆ. ಒಬ್ಬೊಬ್ಬರ ಲಾಗಿನ್‌ಗೆ ಒಂದೊಂದು ವರ್ಚುವಲ್‌ಸ್ಟೋರ್. ಅದಕ್ಕೇ ನನ್ನದು ನನಗೆ, ಅವರದು ಅವರಿಗೆ ಆಗಿದ್ದು.

ಆಗ ಎಲ್ಲರೂ ಹೇಳುವ ಮದ್ದನ್ನೇ ಮಾಡಿದೆ. ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಆರಿಸಿದೆ. ಕೆಳಗೆ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ಗೆ ಟಿಕ್ ಹಾಕಿದೆ. ಸೆಟ್ಟಿಂಗ್ ಸರಿಯಾಗಿ ಕೂತವು. ಮನೆಗೆ ಹೋಗಿ ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಅಂಗಡಿಗೆ ಬಂದರೆ ಅಕ್ಕಾರು ಕೈ ಕಟ್ಟಿ ಕೂತಿದ್ದರು. ‘ಅಣ್ಣಾರೆ, ನುಡಿ ಆನ್ ಐತಿ. ನೋಟ್‌ಪ್ಯಾಡಲ್ಲಿ ಕನ್ನಡ ಬರ್ತತಿ. ಪೇಜ್‌ಮೇಕರಿಗೆ ಬಂದ್ರೆ ಬರೀ ಇಂಗ್ಲಿಷ್ ಕೀ ಬೀಳ್ತತಿ ನೋಡ್ರಿ’ ಅಂದರು.

ನುಡಿ ತೆಗೆದು ಮತ್ತೆ ಹಾಕಿದೆ. ಬೇರೆ ಆವೃತ್ತಿ ಹಾಕಿದೆ. ಆಂಟಿವೈರಸ್ ಇರಬಹುದು ಅಂತ ಅದನ್ನೂ ನಿಲ್ಲಿಸಿ ನೋಡಿದೆ. ಏನೂ ಆಗಲಿಲ್ಲ. ಆಮೇಲೆ ಇನ್ನೆರಡು ವಿಚಿತ್ರ ಕಂಡವು. ಫೋಲ್ಡರಿನಿಂದ ಫೋಟೋ ಎಳೆದು ಪೇಜ್‌ಮೇಕರಿಗೆ ಬಿಟ್ಟರೆ ಬೀಳುತ್ತಿರಲಿಲ್ಲ. ಇನ್ನೊಂದು ಕಂಪ್ಯೂಟರಿನ ಫೋಲ್ಡರನ್ನು ಝಡ್ ಡ್ರೈವ್ ಅಂತ ಜೋಡಿಸಿಟ್ಟಿದ್ದೆ. ಪೇಜ್‌ಮೇಕರಿನ ಓಪನ್ ಬಾಕ್ಸಿನಲ್ಲಿ ಆ ಡ್ರೈವೇ ಇರಲಿಲ್ಲ. ಮೂರೂ ಒಟ್ಟಿಗೆ ಕೆಟ್ಟಿವೆ ಅಂದರೆ ಮೂಲ ಒಂದೇ ಇರಬೇಕು ಅನ್ನಿಸಿತು.

ಮೂಲ ನಾನೇ ಹಾಕಿದ ಆ ಟಿಕ್. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪ್ರೋಗ್ರಾಂ ಮೇಲಿನ ದರ್ಜೆಗೆ ಹೋಗುತ್ತದೆ. ಮಾಮೂಲಿ ದರ್ಜೆಯಲ್ಲಿರುವ ಪ್ರೋಗ್ರಾಂ ಅದರ ಕೀಲಿಗಳನ್ನು ಹಿಡಿಯಬಾರದು, ಅದರೊಳಗೆ ಅಕ್ಷರ ತುರುಕಬಾರದು ಎಂದು ವಿಂಡೋಸ್ ತಡೆಯುತ್ತದೆ. ನುಡಿ ಮಾಡುವುದು ಅದನ್ನೇ. ನಾವು ಒತ್ತಿದ ಕೀಯನ್ನು ನಡುವೆ ಹಿಡಿದು ಕನ್ನಡ ಅಕ್ಷರ ಕಳಿಸುತ್ತದೆ. ಪೇಜ್‌ಮೇಕರ್ ಮೇಲಿನ ದರ್ಜೆಗೆ ಹೋದ ಕೂಡಲೇ ನುಡಿಗೆ ಬಾಗಿಲು ಮುಚ್ಚಿತು. ಎಳೆದು ಬಿಡುವುದು ನಿಂತದ್ದೂ ಇದರಿಂದಲೇ. ಝಡ್ ಡ್ರೈವ್ ಜೋಡಿಸಿದ್ದು ಮಾಮೂಲಿ ದರ್ಜೆಯಲ್ಲಿ, ಆದ್ದರಿಂದ ಅದು ಮೇಲಿನವರಿಗೆ ಕಾಣುವುದಿಲ್ಲ.

ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಕನ್ನಡ ಬರುತ್ತದೆ. ನಾನೂ ಮಾಡಿ ನೋಡಿದೆ, ಬಂತು. ಬಹಳ ಅಂಗಡಿಗಳಲ್ಲಿ ಹೀಗೇ ನಡೆಸುತ್ತಿದ್ದಾರೆ. ಆದರೆ ನನಗೆ ಅದು ಸರಿ ಅನ್ನಿಸಲಿಲ್ಲ. ಫೋಟೋ ಎಳೆದು ಬಿಡುವುದು, ಝಡ್ ಡ್ರೈವ್ ಎರಡೂ ಹಾಗೇ ಉಳಿಯುತ್ತವೆ. ಅಷ್ಟಲ್ಲದೆ ಗಿರಾಕಿಗಳ ಪೆನ್‌ಡ್ರೈವ್ ದಿನವಿಡೀ ಚುಚ್ಚುವ ಕಂಪ್ಯೂಟರಿನಲ್ಲಿ ಎಲ್ಲಕ್ಕೂ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವುದು ಅಪಾಯ.

ಹಾಗಾಗಿ ಎಲ್ಲ ತೆಗೆದು ಮೊದಲಿಂದ ಹಾಕಿದೆ. ಈ ಸಲ ಪ್ರೋಗ್ರಾಂ ಫೈಲ್ಸಿನೊಳಗೆ ಅಲ್ಲ. ಸಿ ಡ್ರೈವಿನ ಮೇಲೇ ಪಿಎಂ7 ಎಂಬ ಫೋಲ್ಡರ್ ಮಾಡಿ, ಇನ್‌ಸ್ಟಾಲ್ ಮಾಡುವಾಗ ಅದನ್ನೇ ತೋರಿಸಿದೆ. ಆ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿಗೆ ಹೋಗಿ, ಅಂಗಡಿಯ ಲಾಗಿನ್‌ಗಳಿಗೆ ‘ಮಾಡಿಫೈ’ ಅನುಮತಿ ಇದೆಯೇ ನೋಡಿಕೊಂಡೆ. ಒಂದೇ ಒಂದು ಸಲ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮುಚ್ಚಿದೆ. ಆಮೇಲಿಂದ ಮಾಮೂಲಾಗಿ ಡಬಲ್ ಕ್ಲಿಕ್. ಎಕ್ಸ್‌ಪಿ ಕಂಪ್ಯಾಟಿಬಿಲಿಟಿಯೂ ಬೇಕಾಗಲಿಲ್ಲ. ಸೆಟ್ಟಿಂಗ್ ಉಳಿಯುತ್ತದೆ, ಕನ್ನಡ ಬರುತ್ತದೆ, ಫೋಟೋ ಬೀಳುತ್ತದೆ, ಝಡ್ ಡ್ರೈವ್ ಕಾಣುತ್ತದೆ. ಹಳೆ ಸಾಫ್ಟ್‌ವೇರ್ ತಕರಾರು ಮಾಡಿದಾಗ ಅದಕ್ಕೆ ಅಧಿಕಾರ ಜಾಸ್ತಿ ಕೊಡುವ ಬದಲು ಅದು ಕೂರುವ ಜಾಗ ಬದಲಿಸಿ ನೋಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಕಂಪ್ಯಾಟಿಬಿಲಿಟಿ ಪುಟದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದೇ, ಹೈ ಡಿಪಿಐ ಸೆಟ್ಟಿಂಗ್. ಹೊಸ ಮಾನಿಟರಿನಲ್ಲಿ ಟೂಲ್‌ಗಳು ಸಾಸಿವೆ ಕಾಳಿನಷ್ಟು ಕಾಣುತ್ತಿದ್ದವು. ಅಲ್ಲಿ ‘ಸಿಸ್ಟಮ್’ ಅಂತ ಆರಿಸಿದ ಮೇಲೆ ಕಣ್ಣಿಗೆ ಹಿತವಾದವು.

ಇನ್ನು ಫಾಂಟು. ಹಳೆ ಫೈಲು ತೆರೆದಾಗ ಪೇಜ್‌ಮೇಕರ್ ‘ಪ್ಯಾನೋಸ್ ಫಾಂಟ್ ಮ್ಯಾಚಿಂಗ್’ ಎಂಬ ಪಟ್ಟಿ ತೋರಿಸಿದರೆ ದಯವಿಟ್ಟು ಸುಮ್ನೆ ಓಕೆ ಒತ್ತಿ ಸೇವ್ ಮಾಡಬೇಡಿ. ಫಾಂಟು ಸಿಕ್ಕಿಲ್ಲ, ಬೇರೆಯದನ್ನು ಹಾಕುತ್ತೇನೆ ಅಂತ ಅದು ಕೇಳುತ್ತಿರುತ್ತದೆ. ಕ್ಯಾನ್ಸಲ್ ಮಾಡಿ, ಪಟ್ಟಿಯಲ್ಲಿರುವ ಫಾಂಟನ್ನು ಹಳೆ ಡಿಸ್ಕಿನಿಂದ ಹುಡುಕಿ ಹಾಕಿ. ಹಾಕುವಾಗ ‘ಇನ್‌ಸ್ಟಾಲ್’ ಬೇಡ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿ. ಬರೀ ಇನ್‌ಸ್ಟಾಲ್ ಒತ್ತಿದರೆ ಆ ಒಂದು ಲಾಗಿನ್‌ಗೆ ಮಾತ್ರ ಫಾಂಟು ಬೀಳುತ್ತದೆ.

ಒಂದು ಸಂಜೆ ಎಲ್ಲ ಫೈಲುಗಳ ಒತ್ತಕ್ಷರಗಳು ಹಾಳಾಗಿದ್ದವು. ಕೆಲವು ಕಡೆ ಖಾಲಿ, ಕೆಲವು ಕಡೆ ಚೌಕ. ಎದೆ ಝಲ್ ಅಂದಿತು. ಮಧ್ಯಾಹ್ನ ಯಾರೋ ‘ಕನ್ನಡಕ್ಕೆ ಒಳ್ಳೆಯದು’ ಅಂತ ವಿಂಡೋಸಿನ ರೀಜನ್ ಸೆಟ್ಟಿಂಗ್‌ನಲ್ಲಿ ಯುಟಿಎಫ್-8 ಬೀಟಾ ಎಂಬ ಟಿಕ್ ಹಾಕಿದ್ದರು. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಈಗಿನ ಪದ್ಧತಿ ಯೂನಿಕೋಡ್. ನಮ್ಮ ಹಳೆ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ, 128ರಿಂದ 255ರವರೆಗಿನ ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ಆ ಟಿಕ್ ಬಿದ್ದರೆ ಮೇಲಿನ ಆ ಜಾಗಗಳನ್ನು ವಿಂಡೋಸ್ ಬೇರೆ ರೀತಿ ಓದುತ್ತದೆ. ಟಿಕ್ ತೆಗೆದು, ಸಿಸ್ಟಮ್ ಲೊಕೇಲ್ ಇಂಗ್ಲಿಷ್‌ಗೆ ಇಟ್ಟು ರೀಸ್ಟಾರ್ಟ್ ಮಾಡಿದ ಮೇಲೆ ಎಲ್ಲ ಮೊದಲಿನಂತೆ ಬಂತು. ಪುಣ್ಯಕ್ಕೆ ಯಾವ ಫೈಲೂ ಸೇವ್ ಆಗಿರಲಿಲ್ಲ.

ಈಗ ಮ್ಯಾಟರೆಲ್ಲ ವಾಟ್ಸಾಪಿನಲ್ಲೇ ಬರುತ್ತದೆ, ಅದು ಯೂನಿಕೋಡ್. ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ. ಕನ್ವರ್ಟರಿನಲ್ಲಿ ಹಾಕಿ ನುಡಿಗೆ ಬದಲಿಸಿಕೊಳ್ಳುತ್ತೇವೆ. ಬದಲಿಸಿದ ಮೇಲೆ ಪ್ರೂಫ್ ನೋಡುವಾಗ ಅರ್ಕಾವತ್ತಿನ ಮೇಲೆ ಕಣ್ಣಿರಲಿ. ‘ದುರ್ಗಾಂಬಿಕಾ’ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ‘ರ್’ ಮೊದಲು, ‘ಗಾ’ ಆಮೇಲೆ. ನುಡಿ ಫಾಂಟಿನಲ್ಲಿ ಕಣ್ಣಿಗೆ ಕಂಡಂತೆಯೇ, ‘ಗಾ’ ಮೊದಲು, ಅರ್ಕಾವತ್ತಿನ ಗುರುತು ಆಮೇಲೆ. ಕನ್ವರ್ಟರ್ ಈ ಕ್ರಮ ತಿರುಗಿಸಬೇಕು. ಎಲ್ಲಾದರೂ ತಪ್ಪಿದರೆ ದೇವಿಯ ಹೆಸರೇ ತಪ್ಪಾಗುತ್ತದೆ.

ಪ್ರಿಂಟಿನ ಕಡೆ ನನ್ನ ಹಳೆ ಲೇಸರ್ ಪ್ರಿಂಟರಿಗೆ 64 ಬಿಟ್ ಡ್ರೈವರ್ ಸಿಗಲಿಲ್ಲ. ಪ್ರೋಗ್ರಾಂ 32 ಬಿಟ್ ಇದ್ದರೂ ನಡೆಯುತ್ತದೆ, ಡ್ರೈವರ್ ಮಾತ್ರ 64 ಬಿಟ್ಟಿನದೇ ಆಗಬೇಕು. ಕೊನೆಗೆ ಒಂದು ಪೋಸ್ಟ್‌ಸ್ಕ್ರಿಪ್ಟ್ (ಪುಟ ಹೇಗಿರಬೇಕೆಂದು ಪ್ರಿಂಟರಿಗೆ ಹೇಳುವ ಭಾಷೆ) ಡ್ರೈವರ್ ಹಾಕಿ, ಪೋರ್ಟ್ ಜಾಗದಲ್ಲಿ ‘ಫೈಲ್’ ಆರಿಸಿದೆ. ಪೇಜ್‌ಮೇಕರಿನಿಂದ ಪ್ರಿಂಟ್ ಕೊಟ್ಟರೆ ಪೋಸ್ಟ್‌ಸ್ಕ್ರಿಪ್ಟ್ ಫೈಲು ಬರುತ್ತದೆ. ಗೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಪಿಡಿಎಫ್ ಮಾಡುತ್ತದೆ. ಫಾಂಟು ಒಳಗೇ ಸೇರಿರುವುದರಿಂದ ಆ ಪಿಡಿಎಫ್ ಅನ್ನು ಯಾವ ಪ್ರೆಸ್ಸಿಗೆ ಕಳಿಸಿದರೂ ಅಕ್ಷರ ಕೆಡುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗಿಗೆ ಬಟರ್ ಪೇಪರ್ ತೆಗೆಯುವುದೂ ಈಗ ಇದರಿಂದಲೇ. ಹಳೆ ಪ್ರಿಂಟರಿಗಿಂತ ಈ ದಾರಿಯೇ ನನಗೆ ಹಿಡಿಸಿದೆ.

ಒಂದು ಸಿಡಿ ಮಾತ್ರ ಏನು ಮಾಡಿದರೂ ಕೇಳಲಿಲ್ಲ. ಲಗ್ನಪತ್ರಿಕೆಯ ಬಾರ್ಡರು, ಗಣಪತಿ, ಕಳಸದ ಚಿತ್ರಗಳಿದ್ದ ಸಿಡಿ ಅದು. ಸೆಟಪ್ ಒತ್ತಿದರೆ ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಅಂತ ಬರುತ್ತಿತ್ತು. ಒಳಗಿನ ಚಿತ್ರಗಳಲ್ಲಿ ತೊಂದರೆಯಿಲ್ಲ, ಸೆಟಪ್ಪು 32 ಬಿಟ್ಟಿಗಿಂತಲೂ ಹಳೆಯ 16 ಬಿಟ್ಟಿನದು. 64 ಬಿಟ್ ವಿಂಡೋಸ್ ತಾನಾಗಿ 16 ಬಿಟ್ ಪ್ರೋಗ್ರಾಂ ನಡೆಸುವುದಿಲ್ಲ. ಕಂಪ್ಯಾಟಿಬಿಲಿಟಿ ಟಿಕ್ ಎಷ್ಟು ಹಾಕಿದರೂ ಅಷ್ಟೇ. ಆಗ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಎಕ್ಸ್‌ಪಿ ಕೂರಿಸಿದೆ. ಅಲ್ಲಿ ಸೆಟಪ್ ಓಡಿತು. ಚಿತ್ರಗಳನ್ನು ಶೇರ್ಡ್ ಫೋಲ್ಡರ್ ಮೂಲಕ ಹೊರಗೆ ತಂದುಕೊಂಡೆ. ಆ ಎಕ್ಸ್‌ಪಿಗೆ ಇಂಟರ್‌ನೆಟ್ ಕೊಟ್ಟಿಲ್ಲ. ಅದಕ್ಕೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ, ಅದನ್ನು ನೆಟ್ಟಿಗೆ ಬಿಡಬಾರದು.

ಇದನ್ನು ಕೇಳಿ ಪಕ್ಕದ ದಲ್ಲಾಳಿ ಅಂಗಡಿಯವರು ತಮ್ಮ ಡಾಸ್ ಲೆಕ್ಕದ ಪ್ರೋಗ್ರಾಂ ತಂದರು. ಫಾಕ್ಸ್‌ಪ್ರೋದಲ್ಲಿ ಬರೆದದ್ದು. ಅದಕ್ಕೆ ಎಕ್ಸ್‌ಪಿ ಬೇಕಾಗಲಿಲ್ಲ, ಡಾಸ್ ಪ್ರೋಗ್ರಾಂಗಳನ್ನು ನಡೆಸುವ ಡಾಸ್‌ಬಾಕ್ಸ್-ಎಕ್ಸ್ ಸಾಕಾಯಿತು. ಅದರಲ್ಲಿ ಪ್ರಿಂಟರ್ ವ್ಯವಸ್ಥೆಯೂ ಇದೆ. ಲೆಕ್ಕದ ಮಾಹಿತಿ ಇರುವ ಡಿಬಿಎಫ್ ಫೈಲುಗಳ ಕಾಪಿ ತೆಗೆದಿಟ್ಟು, ಇಂಡೆಕ್ಸ್ ಹೊಸದಾಗಿ ಮಾಡಿಸಿ ಕೊಟ್ಟೆ.

ಹೊಸ ಕೆಲಸ ಎಲ್ಲವನ್ನೂ ಪೇಜ್‌ಮೇಕರಿನಲ್ಲೇ ಮಾಡಿ ಅಂತ ನಾನು ಹೇಳುವುದಿಲ್ಲ. ಸ್ಮರಣ ಸಂಚಿಕೆಯಂಥ ದೊಡ್ಡ ಕೆಲಸವನ್ನು ನಿಧಾನವಾಗಿ ಯೂನಿಕೋಡಿಗೆ ತರುತ್ತಿದ್ದೇನೆ. ಮುಂದೆ ಆ ಬರಹ ಹುಡುಕಲು ಸಿಗುತ್ತದೆ, ಮೊಬೈಲಿನಲ್ಲೂ ಓದಬಹುದು. ಆದರೆ ಆ ಬದಲಾವಣೆ ನಮ್ಮ ಸಮಯಕ್ಕೆ ಆಗಬೇಕು. ಕೆಪಾಸಿಟರ್ ಉಬ್ಬಿತು ಅಂತ ಸೀಸನ್ ನಡುವೆ ಆಗಬಾರದು.

ಎಲ್ಲ ಸರಿಯಾದ ವಾರವೇ ದುಗ್ಗಮ್ಮನ ಜಾತ್ರೆಯ ಕರಪತ್ರದ ಕೆಲಸ ಬಂತು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ಅಕ್ಕಾರು ಹಿಂದಿನ ಸಲದ ಫೈಲು ತೆರೆದರು. ತಾರೀಖು, ದಾನಿಗಳ ಹೆಸರು ಬದಲಿಸಿ ಸಂಜೆಗೆ ಬಟರ್ ಪೇಪರ್ ಕೊಟ್ಟರು. ನಾನು ಮಾಡಿದ ಸೆಟ್ಟಿಂಗ್‌ಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನು ನೋಡಿಕೊಂಡು ಅವರೇ ಎರಡನೇ ಕಂಪ್ಯೂಟರಿಗೂ ಒಂದು ಮಧ್ಯಾಹ್ನದಲ್ಲಿ ಎಲ್ಲ ಹಾಕಿದರು. ಆ ನೋಟ್‌ಬುಕ್, ಪೇಜ್‌ಮೇಕರ್ ಸಿಡಿ, ಹಳೆ ಹಾರ್ಡ್ ಡಿಸ್ಕ್ ಮೂರನ್ನೂ ಒಂದೇ ಡಬ್ಬಿಗೆ ಹಾಕಿ, ಮೇಲೆ ತಾರೀಖು ಬರೆದು ಕಪಾಟಿನಲ್ಲಿ ಇಟ್ಟಿದ್ದೇವೆ.