ಚೌತಿ ಬಟವಾಡೆ: ಘಟ್ಟದ ಕಾಲುದಾರಿ ಕಡಿಸಿದ ಲೆಕ್ಕ

ಗುಡ್ಡದ ಚಾರಣದ ದಾರಿ ಕಡಿಸುವಾಗ, ದಿನಗೂಲಿಯ ಮೇಲೆ, ಮಳೆಗಾಲ ಕಳೆದೂ ಉಳಿದ ದಾರಿಗೆ ಮೀಟರ್ ಲೆಕ್ಕದಲ್ಲಿ ಬೇರೆ ದುಡ್ಡು ಕೊಡೋಣ ಎಂದಿದ್ದೆವು. ಮಳೆಗಾಲ ಕಳೆದ ಮೇಲೆ ದುಡ್ಡು ಅಂದರೆ ಮಲೆನಾಡಲ್ಲಿ ಒಂದು ಆಳೂ ಸಿಗಲ್ಲ ಎಂದವರೇ ಹೆಚ್ಚು. ಈಗ ದಾರಿಯೂ ಉಳಿದಿದೆ, ಆಳುಗಳೂ ಉಳಿದಿದ್ದಾರೆ. ಹಾಗಾಗಿ ಲೆಕ್ಕ ಬರೆದಿಡುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಸ್ವಲ್ಪ ಆಚೀಚೆ ಇರಬಹುದು.

ಜಾಗ ಪಶ್ಚಿಮಘಟ್ಟದ ಶೋಲಾ ಕಾಡು, ಹುಲ್ಲುಗಾವಲು ಬೆರೆತ ಗುಡ್ಡ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಚಾರಣದ ಜನ ಮುಗಿಬಿದ್ದಾಗಿನಿಂದ ಎಲ್ಲರ ಬಾಯಲ್ಲೂ ಜನಸಂದಣಿಯದೇ ಮಾತು. ಆದರೆ ದಾರಿ ಹಾಳಾಗುವುದು ಮೊದಲು ನೀರಿನಿಂದ, ಆಮೇಲೆ ಕಾಲಿನಿಂದ. ನೀರು ಕೊರೆದ ಅಗಳಲ್ಲಿ ನಡೆಯಲಾಗದೆ ಜನ ಪಕ್ಕದ ಹುಲ್ಲಿಗೆ ಇಳಿಯುತ್ತಾರೆ. ಅದೂ ಅಗಳಾದ ಮೇಲೆ ಅದರ ಪಕ್ಕಕ್ಕೆ. ಹೀಗೆ ಒಂದು ದಾರಿ ನಾಲ್ಕಾಗುತ್ತದೆ.

ದಿನಗೂಲಿಯಲ್ಲಿ ಇಪ್ಪತ್ತೈದು ಜನರನ್ನು ಒಂದೇ ಕಡೆ ಬಿಟ್ಟರೆ ಏನಾಗುತ್ತದೆಂದು ಈ ಕೆಲಸ ಮಾಡಿಸಿದ ಎಲ್ಲರಿಗೂ ಗೊತ್ತು. ಹತ್ತು ಜನ ಕಡಿಯುತ್ತಾರೆ, ಉಳಿದವರು ಪಿಕಾಸಿಗೆ ಒರಗಿ ನಿಲ್ಲುತ್ತಾರೆ. ಅದು ಸೋಮಾರಿತನವೂ ಅಲ್ಲ, ಪಿಕಾಸಿ ಬೀಸಲು ಇಬ್ಬರ ನಡುವೆ ಮೂರು ಮೀಟರ್ ಜಾಗ ಬೇಕೇ ಬೇಕು. ಬರೀ ಮೀಟರ್ ಲೆಕ್ಕದ ಗುತ್ತಿಗೆ ಇನ್ನೂ ಕೆಟ್ಟದ್ದು. ಗುಡ್ಡದ ಮೈ ಒಳಕ್ಕೆ ಅರ್ಧ ಅಡಿ ಕಡಿದು, ಆ ಮಣ್ಣನ್ನೇ ಹೊರ ಅಂಚಿಗೆ ಸುರಿದು, ಚಪ್ಪಟೆ ಮಾಡಿ ಅಳತೆ ಕೊಟ್ಟು ಹೋಗುತ್ತಾರೆ. ಮೇ ತಿಂಗಳಲ್ಲಿ ನೋಡಲು ಚೆಂದ. ಆರಿದ್ರ ಮಳೆಗೆ (ಜೂನ್ ಕೊನೆ) ಅಂಚು ಕುಸಿಯುತ್ತದೆ, ಪುನರ್ವಸುವಿಗೆ (ಜುಲೈ) ದಾರಿಯೇ ಇರುವುದಿಲ್ಲ. ಸಿಮೆಂಟ್ ಮೆಟ್ಟಿಲಿನ ಗತಿಯೂ ಅಷ್ಟೆ. ಮೀಟರಿಗೆ ಸಾವಿರದ ಮೇಲೆ ನುಂಗುತ್ತದೆ, ಜನ ಮೆಟ್ಟಿಲು ಬಿಟ್ಟು ಪಕ್ಕದಲ್ಲೇ ನಡೆಯುತ್ತಾರೆ, ನೀರು ಬುಡ ತೊಳೆದು ಮೆಟ್ಟಿಲು ತೂಗಾಡುತ್ತದೆ.

ನಾವು ಹಿಡಿದ ದಾರಿ ಇದು. ಐದು ಜನರ ತಂಡ, ಒಂದು ತಂಡಕ್ಕೆ ಸುಮಾರು ಮುನ್ನೂರು ಮೀಟರ್. ಮುಂದೆ ಕತ್ತಿಯವನು ಒಬ್ಬ, ಪಿಕಾಸಿಗೆ ಇಬ್ಬರು, ಸಲಿಕೆಗೆ ಒಬ್ಬ, ಕೊನೆಯಲ್ಲಿ ಮಟ್ಟ ನೋಡುತ್ತಾ ಬರುವವನು ಒಬ್ಬ. ಕೊನೆಯವನೇ ಮೇಸ್ತ್ರಿ. ಎಲ್ಲ ಕಡೆ ಮೇಸ್ತ್ರಿ ಮುಂದಿರುತ್ತಾನೆ, ಅಲ್ಲೇ ಕೆಲಸ ಕೆಡುವುದು. ಮೆದು ಮಣ್ಣಿನಲ್ಲಿ ಮುಕ್ಕಾಲು ಮೀಟರ್ ಅಗಲದ ದಾರಿ ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಮೀಟರ್ ಆಗುತ್ತದೆ. ಜಂಬಿಟ್ಟಿಗೆ ಎಂಬ ಗಟ್ಟಿ ಕೆಂಪು ಕಲ್ಲು ಸಿಕ್ಕರೆ ಎಂಟು ಆದರೆ ಪುಣ್ಯ.

ದಿನಗೂಲಿ ಪೂರ್ತಿ ಕೊಡಬೇಕು, ಅದೂ ಶನಿವಾರ ಶನಿವಾರ. ಅದರಲ್ಲಿ ಒಂದು ರೂಪಾಯಿಯನ್ನೂ ಹಿಡಿಯಬಾರದು, ಹಿಡಿದರೆ ಎರಡನೇ ವಾರಕ್ಕೆ ತಂಡ ಇರುವುದಿಲ್ಲ. ಅದರ ಮೇಲೆ ತಂಡಕ್ಕೆ ಮೀಟರಿಗೆ ಮೂವತ್ತೈದು ರೂಪಾಯಿ ಬೇರೆ. ಇದು ಮುಂದಿನ ಮಳೆಗಾಲದ ಪುಷ್ಯ ಮಳೆ (ಜುಲೈ ಕೊನೆ) ಕಳೆದ ಮೇಲೆ ತಂಡದ ಜೊತೆಗೇ ನಡೆದು ನೋಡಿ, ಕೆಡದೆ ಉಳಿದ ಮೀಟರಿಗೆ ಮಾತ್ರ. ಕೊಡುವುದು ಗಣೇಶ ಚೌತಿಗೆ ವಾರ ಮುಂಚೆ. ಆಗ ಯಾರ ಕೈಯಲ್ಲೂ ಕಾಸಿರುವುದಿಲ್ಲ, ತಲಾ ಎರಡು ಸಾವಿರ ಸಿಕ್ಕರೆ ಹಬ್ಬ ಕಳೆಯುತ್ತದೆ. ದೀಪಾವಳಿಗೆ ಕೊಟ್ಟರೆ ಇದಕ್ಕೆ ಬೆಲೆಯೇ ಇಲ್ಲ, ಅಷ್ಟೊತ್ತಿಗೆ ಅಡಿಕೆ ಕೊಯ್ಲಿನ ಕೂಲಿ ಬಂದಿರುತ್ತದೆ. ಮೆದು ಮಣ್ಣಿನಲ್ಲಿ ಆಳಿಗೆ ಏಳೆಂಟು ನೂರರಂತೆ ಕೂಲಿಯೇ ಮೀಟರಿಗೆ ನೂರೆಪ್ಪತ್ತು ಬೀಳುತ್ತದೆ. ಚೌತಿ ದುಡ್ಡು, ಜೀಪು, ಊಟ, ಹಿಡಿ ಮುರಿದ ಪಿಕಾಸಿ ಎಲ್ಲ ಸೇರಿದರೂ ಇನ್ನೂರೈವತ್ತು ದಾಟಿಲ್ಲ.

ಇದರಿಂದ ಬದಲಾದದ್ದು ಆಳುಗಳ ಕಣ್ಣು. ಹೊರ ಅಂಚಿಗೆ ಮಣ್ಣು ತುಂಬುವುದನ್ನು ಅವರೇ ನಿಲ್ಲಿಸಿದರು. ಆದರೂ ಪರೀಕ್ಷೆ ಬಿಡಬಾರದು. ಬೆರಳು ದಪ್ಪದ ಕಬ್ಬಿಣದ ಕಂಬಿಯನ್ನು ಹೊರ ಅಂಚಿನಿಂದ ಒಂದು ಗೇಣು ಒಳಗೆ ಊರಿ ಮೈಭಾರ ಹಾಕಿ. ನಾಲ್ಕು ಬೆರಳು ಇಳಿದು ನಿಂತರೆ ಅದು ಗುಡ್ಡದ ಮಣ್ಣು. ಒಂದು ಗೇಣು ಸಲೀಸಾಗಿ ಇಳಿದರೆ ತುಂಬಿದ ಮಣ್ಣು, ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ.

ನೀರು ಹೊರಬೀಳಲು ದಾರಿ ಹೊರಕ್ಕೆ ವಾಲಿರಬೇಕು. ಆ ಹೊರ ಇಳಿಜಾರು ಅಳೆಯಲು ಒಂದು ಮೀಟರ್ ಉದ್ದದ ಮರದ ಪಟ್ಟಿ, ಅದರ ಮೇಲೆ ಗಾರೆಯವರ ರಸಮಟ್ಟ, ಹೊರ ತುದಿಯ ಕೆಳಗೆ ಐದು ಸೆಂಟಿಮೀಟರ್ ದಪ್ಪದ ಮರದ ತುಂಡು. ಗುಳ್ಳೆ ನಡುವೆ ನಿಂತರೆ ಸರಿ. ಜನ ಜಾರುತ್ತಾರೆ ಎಂಬ ಹೆದರಿಕೆಗೆ ಇದನ್ನು ಎರಡಕ್ಕೆ ಇಳಿಸಿದರೆ ಕೆಟ್ಟಿತು. ತುಳಿತಕ್ಕೆ ನಡುಭಾಗ ಹೇಗಿದ್ದರೂ ಕುಸಿಯುತ್ತದೆ, ವರ್ಷದಲ್ಲಿ ಐದು ಇದ್ದದ್ದು ಎರಡಾಗುತ್ತದೆ, ಎರಡಿದ್ದದ್ದು ಕಾಲುವೆಯಾಗುತ್ತದೆ. ದಾರಿಯ ಏರು, ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು, ಒಟ್ಟಾರೆ ಹತ್ತಡಿಗೆ ಒಂದಡಿಯೊಳಗೆ ಇರಬೇಕು.

ಆದರೆ ನಿಜವಾಗಿ ದಾರಿ ಉಳಿಸುವುದು ತಗ್ಗು. ಏರುತ್ತಿರುವ ದಾರಿಯನ್ನು ನಾಲ್ಕು ಹೆಜ್ಜೆಯಷ್ಟು ಕೆಳಗಿಳಿಸಿ ಮತ್ತೆ ಏರಿಸುವುದು, ಅಲ್ಲಿ ನೀರು ಹೊರಬೀಳುತ್ತದೆ. ಸಪಾಟು ಕಡೆ ಹದಿನೈದು ಮೀಟರಿಗೊಂದು, ಕಡಿದಾದಲ್ಲಿ ಏಳೆಂಟಕ್ಕೊಂದು. ಹಳೇ ದಾರಿಯಲ್ಲಿ ತಗ್ಗು ಮಾಡಲಾಗದಿದ್ದರೆ ಮಾತ್ರ ಕಲ್ಲಿನ ಒಡ್ಡು, ಅದೂ ದಾರಿಗೆ ನಲವತ್ತೈದು ಡಿಗ್ರಿ ಓರೆ. ನೇರ ಅಡ್ಡ ಇಟ್ಟರೆ ನೀರು ನಿಂತು ಹೂಳು ಬಿಡುತ್ತದೆ, ಮುಂದಿನ ಮಳೆ ಒಡ್ಡಿನ ಮೇಲೆಯೇ ಹಾರುತ್ತದೆ. ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗಿರಲಿ. ತಗ್ಗಿನ ಜಾಗ ಆರಿಸುವುದರಲ್ಲಿ ಒಂದು ಗುಟ್ಟಿದೆ, ಅದನ್ನು ಇಲ್ಲಿ ಬಿಡಿಸುವುದಿಲ್ಲ. ಜೋರು ಮಳೆಯಲ್ಲಿ ಕೊಡೆಯಿಲ್ಲದೆ ಗುಡ್ಡ ಹತ್ತಿದವರಿಗೆ ಅರ್ಧ ಗೊತ್ತಾಗುತ್ತದೆ.

ಕಾಲ ಹೊಂದಿಸುವುದೇ ದೊಡ್ಡ ತಲೆನೋವು. ಡಿಸೆಂಬರಿನಿಂದ ಫೆಬ್ರವರಿ ಆಳೆಲ್ಲ ಕಾಫಿ ಕೊಯ್ಲಿಗೆ. ಆಮೇಲೆ ಬೆಂಕಿ ಕಾಲ, ಅರಣ್ಯ ಇಲಾಖೆ ಒಳಗೇ ಬಿಡುವುದಿಲ್ಲ, ಮಣ್ಣೂ ಒಣಗಿ ಕಬ್ಬಿಣ. ಸ್ವಾತಿ ಮಳೆ (ಅಕ್ಟೋಬರ್ ಕೊನೆ) ಬಿದ್ದ ಮೇಲಿನ ನಾಲ್ಕೈದು ವಾರ ಚಿನ್ನ: ಮಣ್ಣು ಹಸಿ, ಪಿಕಾಸಿ ಇಳಿಯುತ್ತದೆ, ತುಳಿದರೆ ಕೂರುತ್ತದೆ. ಅನುಮತಿ ಚೀಟಿ ಆಗಸ್ಟಿನಲ್ಲೇ ಕೇಳಿಡಿ. ಕಡಿದ ದಾರಿಗೆ ಮುಂಗಾರಿನವರೆಗೆ ಗಟ್ಟಿಯಾಗಲು ಆರು ತಿಂಗಳು ಸಿಗುತ್ತದೆ, ಇದು ಮೇ ಕೆಲಸಕ್ಕೆ ಸಿಗದು.

ಗುರುತಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರೆ ಮಂಗ ಕಿತ್ತು ಹಾಕುತ್ತದೆ. ವಾಟೆ ಬಿದಿರಿನ ಗೂಟ, ತಲೆಗೆ ಸುಣ್ಣ, ಸಾಕು. ಹೆಜ್ಜೇನು ಕಟ್ಟಿದ ಮರ ಕಂಡರೆ ಆ ನೂರು ಮೀಟರ್ ಕೊನೆಗಿಡಿ, ಬೀಡಿ ಹೊಗೆಯೂ ಬೇಡ.

ಪಕ್ಕದಲ್ಲಿ ಕೆಲವು ಪ್ರಯೋಗ ನಡೆದವು. ಅಡ್ಡದಾರಿ ಮುಚ್ಚಲು ಕಮ್ಯುನಿಸ್ಟ್ ಗಿಡ (ಎಲ್ಲೆಡೆ ಹಬ್ಬುವ ಕಳೆ) ಕಡಿದು ಹಾಕಿದರೆ ಎರಡು ತಿಂಗಳಿಗೆ ಒಣಗಿ ಬೆಂಕಿಗೆ ಸೌದೆ. ಬಿದ್ದ ದಿಮ್ಮಿ, ಅದರ ಹಿಂದೆ ಕಲ್ಲು, ಇದೇ ಸರಿ. ಕೆಳ ಅಂಚಿಗೆ ಲಾವಂಚ ನೆಡುವ ಸಲಹೆ ಬಂತು. ಮರದ ನೆರಳಲ್ಲಿ ಅದು ಏಳುವುದೇ ಇಲ್ಲ, ಕಾಡೊಳಗೆ ಹೊರಗಿನ ಗಿಡ ತರುವುದೂ ಬೇಡ. ಬದಲಿಗೆ ಕಡಿಯುವಾಗ ಮೇಲಿನ ಹುಲ್ಲಿನ ಹೆಂಟೆಯನ್ನು ಬೇರು ಸಮೇತ ಎತ್ತಿ ನೆರಳಲ್ಲಿಟ್ಟು, ಅದೇ ದಿನ ಸಂಜೆ ಕೆಳ ಅಂಚಿಗೆ ಕೂರಿಸಿದೆವು. ಮರುದಿನಕ್ಕೆ ಬಿಟ್ಟ ಹೆಂಟೆಗಳಲ್ಲಿ ಅರ್ಧ ಸತ್ತವು.

ಇನ್ನು ಸೆಪ್ಟೆಂಬರ್ ಕೆಲಸ. ಹೊರ ಅಂಚಿನಲ್ಲಿ ತುಳಿತದ ಮಣ್ಣು ಗುಪ್ಪೆಯಾಗಿ ಸಣ್ಣ ಬದು ಎದ್ದಿರುತ್ತದೆ, ನೀರು ಹೊರಬೀಳದಂತೆ ತಡೆಯುವುದು ಅದೇ. ಇಬ್ಬರು ಸಲಿಕೆಯಲ್ಲಿ ಅದನ್ನು ಕೆತ್ತುತ್ತಾ, ತಗ್ಗಿನ ಬಾಯಿಯ ಹೂಳು ತೆಗೆಯುತ್ತಾ ಹೋದರೆ ದಿನಕ್ಕೆ ಅರ್ಧ ಕಿಲೋಮೀಟರ್. ಈ ಕೆಲಸ ಯಾವ ಮೀಟರನ್ನು ಯಾರು ಕಡಿದರೋ ಅವರಿಗೇ ಮೊದಲು.