ಅಪ್‌ಡೇಟ್ ಆದಮೇಲೆ ಸರ್ವರ್‌ನ ಸಿ ಡ್ರೈವ್ ತುಂಬಿತೇ? ಡಿಲೀಟ್ ಒತ್ತುವ ಮುಂಚೆ ಇಷ್ಟು ನೋಡಿ

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತದೆ. ನಮ್ಮಲ್ಲಿ ಆಗ ರಾತ್ರಿ. ಹಾಗಾಗಿ ತೊಂದರೆ ಕಾಣಿಸಿಕೊಳ್ಳುವುದು ಬುಧವಾರವೋ, ಸರ್ವರ್ ರೀಸ್ಟಾರ್ಟ್ ಆದ ದಿನವೋ. ಬಿಲ್ ಪ್ರಿಂಟ್ ಆಗುವುದಿಲ್ಲ, ರಿಮೋಟ್‌ನಲ್ಲಿ ಲಾಗಿನ್ ಆದವರಿಗೆ ತಮ್ಮ ಡೆಸ್ಕ್‌ಟಾಪ್ ಬದಲು ಬೇರೇನೋ ಖಾಲಿ ಡೆಸ್ಕ್‌ಟಾಪ್ ಬರುತ್ತದೆ, ಅಕೌಂಟ್ಸ್‌ನವರ ಎಂಟ್ರಿ ಸೇವ್ ಆಗುವುದಿಲ್ಲ. ಡೇಟಾ ಎಲ್ಲ ಡಿ ಡ್ರೈವ್‌ನಲ್ಲಿದೆ, ಆದರೂ ಸಿ ಕೆಂಪಾಗಿದೆ. ಹೇಗೆ?

ಮೊದಲು ಬ್ಯಾಕಪ್ ನೋಡಿ. ಡ್ರೈವ್ ತುಂಬಿದಾಗ ಅದೂ ಸದ್ದಿಲ್ಲದೆ ನಿಂತುಹೋಗಿರಬಹುದು. ಕೊನೆಯ ಬ್ಯಾಕಪ್ ಯಾವತ್ತಿನದು ಎಂದು ಗೊತ್ತಾಗುವವರೆಗೆ ಏನನ್ನೂ ಅಳಿಸಬೇಡಿ.

ಆಮೇಲೆ ಜಾಗ ಎಲ್ಲಿ ಹೋಗಿದೆ ಎಂದು ಅಳೆಯಿರಿ. ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ತೋರಿಸುವ ವಿನ್‌ಡಿರ್‌ಸ್ಟ್ಯಾಟ್ ಸಾಕು, ಓಪನ್ ಸೋರ್ಸ್ ಆದ್ದರಿಂದ ಆಫೀಸಿನಲ್ಲಿ ಲೈಸೆನ್ಸ್ ಚಿಂತೆ ಇಲ್ಲ. ಅಡ್ಮಿನಿಸ್ಟ್ರೇಟರ್ ಆಗಿಯೇ ಓಡಿಸಿ, ಇಲ್ಲದಿದ್ದರೆ ಕೆಲವು ಫೋಲ್ಡರ್‌ಗಳ ಲೆಕ್ಕವೇ ಸಿಗುವುದಿಲ್ಲ.

ಸುಲಭವಾಗಿ ಸಿಗುವ ಜಾಗ ವಿಂಡೋಸ್ ಫೋಲ್ಡರ್‌ನೊಳಗಿನ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್, ಅದರೊಳಗಿನ ಡೌನ್‌ಲೋಡ್. ಅಪ್‌ಡೇಟ್ ಫೈಲ್‌ಗಳು ಇಳಿಯುವುದು ಇಲ್ಲಿಗೇ. ರೀಸ್ಟಾರ್ಟ್ ಬಾಕಿ ಇದ್ದರೆ ಅದನ್ನು ಮುಗಿಸಿ. ಸರ್ವೀಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ಮತ್ತು ಬಿಟ್ಸ್ (ಹಿನ್ನೆಲೆಯಲ್ಲಿ ಫೈಲ್ ಇಳಿಸುವ ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವೀಸ್) ಎರಡನ್ನೂ ನಿಲ್ಲಿಸಿ, ಡೌನ್‌ಲೋಡ್‌ನ ಒಳಗಿರುವುದನ್ನು ಅಳಿಸಿ, ಮತ್ತೆ ಶುರು ಮಾಡಿ. ಬೇಕಾದದ್ದನ್ನು ವಿಂಡೋಸ್ ತಾನೇ ಮತ್ತೆ ಇಳಿಸಿಕೊಳ್ಳುತ್ತದೆ.

ಎಲ್ಲರ ಕಣ್ಣು ಬೀಳುವುದು ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಮೇಲೆ. ವಿಂಡೋಸ್ ತನ್ನ ಭಾಗಗಳನ್ನು, ಅಪ್‌ಡೇಟ್‌ಗೆ ಮುಂಚಿನ ಹಳೆಯ ಆವೃತ್ತಿಗಳ ಸಮೇತ, ಇಟ್ಟುಕೊಳ್ಳುವುದು ಇಲ್ಲೇ. ಅಲ್ಲಿ ಕೈಯಾರೆ ಒಂದು ಫೈಲನ್ನೂ ಅಳಿಸಬೇಡಿ, ಸರ್ವರ್ ಮತ್ತೆ ಬೂಟ್ ಆಗದೇ ಹೋಗಬಹುದು. ಅದೂ ಅಲ್ಲದೆ ಎಕ್ಸ್‌ಪ್ಲೋರರ್ ತೋರಿಸುವ ಅದರ ಸೈಜ್ ಪೂರ್ತಿ ನಿಜವಲ್ಲ. ಅಲ್ಲಿರುವ ಎಷ್ಟೋ ಫೈಲ್‌ಗಳು ಸಿಸ್ಟಂ32ನಲ್ಲೂ ಕಾಣುತ್ತವೆ, ಆದರೆ ಡಿಸ್ಕ್‌ನಲ್ಲಿ ಇರುವುದು ಒಂದೇ. ಹಾರ್ಡ್ ಲಿಂಕ್ ಅಂದರೆ ಇದೇ.

ನಿಜವಾದ ಲೆಕ್ಕ ಬೇಕಾದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದು ವಿಂಡೋಸ್‌ನಲ್ಲೇ ಇರುವ ಡಿಸ್ಮ್ (DISM) ಕಮಾಂಡ್‌ಗೆ ಮೂರು ಸ್ವಿಚ್ ಕೊಡಿ: ಆನ್‌ಲೈನ್, ಕ್ಲೀನಪ್-ಇಮೇಜ್, ಅನಲೈಜ್‌ಕಾಂಪೊನೆಂಟ್‌ಸ್ಟೋರ್. ಪ್ರತಿಯೊಂದಕ್ಕೂ ಮುಂದೆ ಸ್ಲ್ಯಾಶ್ ಇರಲಿ. ಕ್ಲೀನಪ್ ಬೇಕು ಎಂದು ಅದೇ ಹೇಳಿದರೆ ಕೊನೆಯ ಸ್ವಿಚ್ ಬದಲು ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಹಾಕಿ. ವಿಂಡೋಸ್ ಈ ಕೆಲಸವನ್ನು ತಾನಾಗಿಯೂ ಮಾಡುತ್ತದೆ, ಆದರೆ ಹಳೆಯ ಆವೃತ್ತಿಗಳನ್ನು ತೆಗೆಯಲು ಕನಿಷ್ಠ 30 ದಿನ ಕಾಯುತ್ತದೆ. ನೀವೇ ಓಡಿಸಿದರೆ ಕಾಯುವುದಿಲ್ಲ. ಸಮಯ ಜಾಸ್ತಿ ಹಿಡಿಯಬಹುದು, ಹಾಗಾಗಿ ಆಫೀಸ್ ಮುಚ್ಚಿದ ಮೇಲೆ ಮಾಡಿ, ನಡುವೆ ನಿಲ್ಲಿಸಬೇಡಿ. ಜೊತೆಗೆ ರೀಸೆಟ್‌ಬೇಸ್ ಕೂಡ ಹಾಕಿ ಎಂದು ಯಾರಾದರೂ ಹೇಳಬಹುದು. ಹಾಕಿದರೆ ಈಗಾಗಲೇ ಇರುವ ಅಪ್‌ಡೇಟ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಲು ಆಗುವುದಿಲ್ಲ. ನಿನ್ನೆ ಮೊನ್ನೆ ಅಪ್‌ಡೇಟ್ ಆದ ಸರ್ವರ್‌ಗೆ ಅದು ಖಂಡಿತ ಬೇಡ ಎನ್ನುವುದು ನನ್ನ ಮಾತು. ಅಪ್‌ಡೇಟ್ ಸರಿಯಿಲ್ಲ ಎಂದಾದರೆ ಹಿಂದಕ್ಕೆ ಹೋಗಲು ದಾರಿ ಬೇಕಲ್ವಾ?

ಇಷ್ಟಾದರೂ ಜಾಗ ತಾನಾಗಿಯೇ ಕರಗುತ್ತಿದೆಯೇ? ವಿಂಡೋಸ್ ಫೋಲ್ಡರ್‌ನ ಲಾಗ್ಸ್ ಒಳಗಿನ ಸಿಬಿಎಸ್ (ಅಪ್‌ಡೇಟ್ ಹಾಕುವಾಗಿನ ಲಾಗ್ ಇರುವ ಫೋಲ್ಡರ್) ಮತ್ತು ವಿಂಡೋಸ್ ಫೋಲ್ಡರ್‌ನಲ್ಲೇ ಇರುವ ಟೆಂಪ್ ಎರಡನ್ನೂ ನೋಡಿ. ಹಳೆಯ 2008 ಆರ್2 ಸರ್ವರ್‌ಗಳಲ್ಲಿ ಸಿಬಿಎಸ್ ಲಾಗ್ 2 ಜಿಬಿ ದಾಟಿದರೆ ಅದನ್ನು ಕುಗ್ಗಿಸುವ ಕೆಲಸ ಸೋಲುತ್ತದೆ, ಮತ್ತೆ ಮತ್ತೆ ಪ್ರಯತ್ನಿಸಿ ಪ್ರತಿ ಸಲವೂ ಟೆಂಪ್‌ನಲ್ಲಿ 'ಕ್ಯಾಬ್' ಎಂದು ಶುರುವಾಗುವ ಫೈಲ್ ಬಿಟ್ಟುಹೋಗುತ್ತದೆ. ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಸರ್ವೀಸ್ ನಿಲ್ಲಿಸಿ ಆ ದೊಡ್ಡ ಲಾಗ್ ಮತ್ತು ಆ ಕ್ಯಾಬ್ ಫೈಲ್‌ಗಳನ್ನು ತೆಗೆಯಿರಿ. ಬರೀ ಟೆಂಪ್ ಖಾಲಿ ಮಾಡಿ ಲಾಗ್ ಬಿಟ್ಟರೆ ಮತ್ತೆ ತುಂಬುತ್ತದೆ.

ಶ್ಯಾಡೋ ಕಾಪಿ, ಅಂದರೆ ಡ್ರೈವ್ ಹಿಂದೆ ಹೇಗಿತ್ತು ಎಂದು ವಿಂಡೋಸ್ ಇಟ್ಟುಕೊಂಡ ಪ್ರತಿ, ಎಷ್ಟು ಜಾಗ ಹಿಡಿದಿದೆ ಎಂದು ವಿಎಸ್‌ಎಸ್‌ಅಡ್ಮಿನ್ ಕಮಾಂಡ್ ಹೇಳುತ್ತದೆ. ಐಐಎಸ್ (ವಿಂಡೋಸ್‌ನ ವೆಬ್ ಸರ್ವರ್) ಇದ್ದರೆ ಅದರ ಲಾಗ್‌ಗಳು ತಾವಾಗಿ ಅಳಿಯುವುದಿಲ್ಲ, ಅವನ್ನೂ ನೋಡಿ. ವಿಂಡೋಸ್‌ನೊಳಗಿನ ಇನ್‌ಸ್ಟಾಲರ್ ಫೋಲ್ಡರ್ ಎಷ್ಟೇ ದೊಡ್ಡದಿರಲಿ, ಮುಟ್ಟಬೇಡಿ. ಅದು ಹೋದರೆ ಮುಂದೆ ಸಾಫ್ಟ್‌ವೇರ್ ರಿಪೇರಿ ಆಗುವುದಿಲ್ಲ, ಅನ್‌ಇನ್‌ಸ್ಟಾಲೂ ಆಗುವುದಿಲ್ಲ.

ಎಲ್ಲ ಮಾಡಿಯೂ ಸಾಲದಿದ್ದರೆ ಡ್ರೈವ್ ದೊಡ್ಡದು ಮಾಡಲೇಬೇಕು. ಸರ್ವರ್ 2022 ಹೊಸದಾಗಿ ಹಾಕಿದ್ದರೆ ಸಾಮಾನ್ಯವಾಗಿ ಸಿ ಪಕ್ಕದಲ್ಲೇ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟರೆ ಸರಿಪಡಿಸುವ ಫೈಲ್‌ಗಳಿರುವ ಭಾಗ) ಕೂತಿರುತ್ತದೆ, ಅದಕ್ಕೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ದೊಡ್ಡದು ಮಾಡುವ ಎಕ್ಸ್‌ಟೆಂಡ್ ವಾಲ್ಯೂಮ್ ಆಯ್ಕೆ ಒತ್ತಲು ಬರುವುದಿಲ್ಲ. ಆ ಪಾರ್ಟಿಷನ್ ಸರಿಸುವುದು ರಜೆಯ ದಿನ, ಪೂರ್ತಿ ಬ್ಯಾಕಪ್ ಕೈಯಲ್ಲಿಟ್ಟುಕೊಂಡು ಮಾಡುವ ಕೆಲಸ.